ತುಳು ಮಾತ್ರ

೧೨ ಡಿಸೆಂಬರ್ ೧೯೫೮, ಶುಕ್ರವಾರ. ಬಂಟ್ವಾಳ

ಎವ್ಲಿನ್ ಬರುತ್ತಾಳೆ! ಮದರಾಸಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ನನ್ನ ಬಂಗಾರ! ಇವರಿಗೆ ಹೇಳಲು ಕುಣಿಯುತ್ತಾ ಅಂಗಳಕ್ಕೆ ಓಡಿದೆ.

ಅಲ್ಲಿ ಗೇಣಿಯ ಭತ್ತ ಅಳೆಯುತ್ತಿದ್ದರು. ಇವರು ಒಂದು ಹಿಡಿ ಊದಿ ನೋಡಿ, ‘ಜೊಳ್ಳು ಉಂಟು’ ಎಂದರು. ಮನೆಯ ಯಜಮಾನರಾದ ನನ್ನ ಸೋದರಮಾವ ಒಕ್ಕಲುಗಳ ಎದುರೇ ಹೇಳಿದರು: ‘ರಮಾನಾಥಾ, ಹೆಂಡತಿಯ ಮನೆಯಲ್ಲಿ ಉಣ್ಣುವವನಿಗೆ ಭತ್ತದ ಚಿಂತೆ ಯಾಕೆ ಮಾರಾಯ? ನೀನು ಇಲ್ಲಿ ನೆಂಟ.’ ಎಲ್ಲರೂ ನಕ್ಕರು, ಮುದುಕ ವೆಂಕಪ್ಪನೂ.

ಮಾವ ಒಳಗೆ ಹೋದದ್ದೇ ಇವರು ವೆಂಕಪ್ಪನ ಬುಟ್ಟಿಯನ್ನು ಒದ್ದರು. ಚೆಲ್ಲಿದ ಭತ್ತವನ್ನು ಒಂದೊಂದೇ ಕಾಳಾಗಿ ಹೆಕ್ಕಿಸಿದರು. ‘ಈಗ ನಗು.’ ಮುದುಕ ಮೊಣಕಾಲೂರಿ ಹೆಕ್ಕಿದ. ಇವರ ಮುಖ ಎಷ್ಟು ಗೆಲುವಾಗಿತ್ತು! ಮದುವೆಯ ದಿನವೂ ನಾನು ಅಂಥ ಮುಖ ಕಂಡಿರಲಿಲ್ಲ.

ಎವ್ಲಿನ್ ಬರುವ ಸುದ್ದಿಯನ್ನು ಸಂಜೆ ಇವರಿಗೆ ಹೇಳಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು ಇವರು.

‘ನಿಮ್ಮ ಇಂಗ್ಲಿಷಿನಲ್ಲಿ ನನಗೆ ತಿಳಿಯುವುದು ನಗು ಒಂದೇ. ನನ್ನ ಎದುರು ತುಳು ಮಾತ್ರ.’

‘ಅವಳಿಗೆ ತುಳು ಬರುವುದಿಲ್ಲವಲ್ಲ.’

‘ಹಾಗಾದರೆ ಇಬ್ಬರೂ ಬಾಯಿ ಮುಚ್ಚಿ ಕೂತುಕೊಳ್ಳಿ.’

ಆಯಿತು ಎಂದೆ. ಬರಬೇಡವೆಂದು ಅವಳಿಗೆ ತಂತಿ ಕೊಡಲೇ? ಇಲ್ಲ, ಕೊಡಲಾರೆ. ಭಾನುವಾರ ಬೆಳಿಗ್ಗೆ ಅವಳು ಮದರಾಸ್ ಮೇಲ್‌ನಲ್ಲಿ ಮಂಗಳೂರಿಗೆ ಬಂದಿಳಿಯುತ್ತಾಳೆ.