ಮನಸ್ಸು ಬಿಚ್ಚುವ ಶುಕ್ರವಾರ

ಜೂನ್ 3, ಸೋಮವಾರ. ಮಧ್ಯಾಹ್ನ 1.15

ಬೆಳಿಗ್ಗೆಯಿಂದ ಒಂಬತ್ತು ಹಲ್ಲಿನ ಕ್ಯಾಪ್. ಆರು ದವಡೆ ಹಲ್ಲು, ಮೂರು ಮುಂದಿನವು. ಮುಂದಿನವೇ ಪೀಡೆ. ದವಡೆಯದು ಬಣ್ಣ ತುಸು ಆಚೀಚೆ ಆದರೆ ಯಾರು ನೋಡುತ್ತಾರೆ? ಮುಂದಿನ ಹಲ್ಲು ಹಾಗಲ್ಲ, ಹಾಕಿಸಿಕೊಂಡವರು ನಕ್ಕಾಗಲೆಲ್ಲ ನಮ್ಮ ಮಾನ ಹರಾಜು.

ಹತ್ತೂವರೆಗೆ ಟೀ. ಎಲ್ಲರೂ ಮೆಟ್ಟಿಲ ಕಡೆ ಹೋದ ಮೇಲೆ ದೊಡ್ಡಣ್ಣ, ನಾನು ಟ್ರೇ ಬದಲಾಯಿಸಿಕೊಂಡೆವು. ಎಂಟು ತಿಂಗಳಿಂದ ಹೀಗೆಯೇ. ಅವರು ಮೇಣದಲ್ಲಿ ಹಲ್ಲಿನ ಅಚ್ಚು ತಿದ್ದುವವರು. ನಮ್ಮ ಹಲ್ಲಿನ ಲ್ಯಾಬಿಗೆಲ್ಲ ಹಿರಿಯರು, ಮ್ಯಾನೇಜರ್ ಕೂಡ ಕರೆಯುವುದು ದೊಡ್ಡಣ್ಣ ಎಂದೇ. ಬಲಗೈ ನಡುಗುತ್ತದೆ ಈಗ. ಆಕಾರ ಹೇಗೋ ತರುತ್ತಾರೆ. ಒಸಡಿಗೆ ಕೂರುವ ಅಂಚು ಮಾತ್ರ ಆಗುವುದಿಲ್ಲ. ಕೂದಲೆಳೆಯಷ್ಟು ಸೂಕ್ಷ್ಮ. ಅದನ್ನು ನಾನು ಮಾಡಿಕೊಡುತ್ತೇನೆ. ನನ್ನದು ಕ್ಯಾಪಿಗೆ ಹಲ್ಲಿನ ಬಣ್ಣದ ಪೋರ್ಸಲಿನ್ ಹಚ್ಚಿ ಸುಡುವ ಕೆಲಸ. ಹನ್ನೆರಡು ವರ್ಷ ಪ್ಲಾಸ್ಟರ್ ಕಲಸಿದ ಮೇಲೆ ಸಿಕ್ಕ ಕುರ್ಚಿ ಇದು. ಕುರ್ಚಿ ಸಿಕ್ಕಿತು, ಕಣ್ಣು ಕೈಕೊಟ್ಟಿತು. ಹಳದಿ ಗೊತ್ತಾಗುವುದಿಲ್ಲ. ಎ-ಟೂ, ಎ-ತ್ರೀ ಶೇಡ್ ಎರಡೂ ನನಗೆ ಒಂದೇ ಬಿಳುಪು. ಅವರು ನನ್ನ ಟ್ರೇ ಹಿಡಿದು ಕಿಟಕಿ ಬಳಿ ನಿಲ್ಲುತ್ತಾರೆ, ಶೇಡ್ ಪಟ್ಟಿಯ ಪಕ್ಕ ಇಟ್ಟು ನೋಡುತ್ತಾರೆ, ಕಡಿಮೆ ಹೆಚ್ಚು ಹೇಳುತ್ತಾರೆ. ಕೆಲಸದ ಚೀಟಿಯಲ್ಲಿ ಮಾತ್ರ ಅವರವರದೇ ಸಹಿ. ಹತ್ತು ಹನ್ನೆರಡು ನಿಮಿಷದ ಮಾತು. ಹೀಗೆ ಮಾಡೋಣ ಎಂದು ಇಬ್ಬರೂ ಹೇಳಿಕೊಂಡಿದ್ದಲ್ಲ. ಒಂದು ದಿನ ಅವರ ಕೈ ನಾನು ನೋಡಿದೆ, ನನ್ನ ಕಣ್ಣು ಅವರು ನೋಡಿದರು... ಅಷ್ಟೇ.

ನೋಟಿಸ್ ಬೋರ್ಡಿನಲ್ಲಿ ಹೊಸ ಕಾಗದ. ಪ್ರತಿ ಶುಕ್ರವಾರ ಎರಡು ಗಂಟೆಗೆ ‘ಮನಸ್ಸು ಬಿಚ್ಚೋಣ’. ಟೀಮ್ ಬಿಲ್ಡಿಂಗ್ ಅಂತೆ. ಹೊರಗಿನಿಂದ ಟ್ರೇನರ್. ಕಡ್ಡಾಯ. ಹದಿನಾಲ್ಕು ಜನ ವರ್ಷಗಟ್ಟಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೇವೆ. ಇನ್ನೇನು ಬಿಲ್ಡ್ ಮಾಡುತ್ತಾರೋ.

ಜೂನ್ 7, ಶುಕ್ರವಾರ. ಸಂಜೆ

ಆಯಿತು ಮೊದಲನೆಯದು. ಪ್ಲಾಸ್ಟರ್ ರೂಮಿನಲ್ಲಿ ಕುರ್ಚಿಗಳನ್ನು ಸುತ್ತ ಹಾಕಿಸಿದ್ದರು. ಟ್ರೇನರ್ ಇಪ್ಪತ್ತೆಂಟರ ಹುಡುಗಿ. ದನಿ ಮಾತ್ರ ಜೇನುತುಪ್ಪ — ಅದೇ ಹೆಸರಿಟ್ಟೆ. ಮಧ್ಯದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಟಿಶ್ಯೂ ಡಬ್ಬ. ಅಂದರೆ ನಾವು ಅಳುವುದು ಮೊದಲೇ ಟೈಮ್‌ಟೇಬಲ್ಲಿನಲ್ಲಿದೆ.

ಇವತ್ತು ನೀವು ಯಾವ ಪ್ರಾಣಿ ಎಂದು ಒಬ್ಬೊಬ್ಬರೂ ಹೇಳಬೇಕಂತೆ. ಪ್ಲಾಸ್ಟರಿನವನು ಎಮ್ಮೆ ಎಂದ. ಯಾಕೆ ಎಂದಳು. ನೀರಲ್ಲಿ ಬಿದ್ದುಕೊಂಡರೆ ಯಾರೂ ಮನಸ್ಸು ಬಿಚ್ಚು ಅನ್ನುವುದಿಲ್ಲ ಎಂದ. ನಗು ತಡೆದುಕೊಂಡಿದ್ದಕ್ಕೆ ಪಕ್ಕೆ ನೋವು.

ಕೊನೆಗೆ ಪಕ್ಕದವರನ್ನು ಅಪ್ಪಿಕೊಳ್ಳಿ ಎಂದಳು. ನನ್ನ ಪಕ್ಕ ಮ್ಯಾನೇಜರ್. ಬೆವರು, ಸೆಂಟು, ಕೋಟಿನ ಬಟ್ಟೆ ಕೆನ್ನೆಗೆ ತಾಗಿತು. ಮನೆಗೆ ಬಂದು ಮುಖ ತೊಳೆದೆ, ಮತ್ತೆ ತೊಳೆದೆ. ಅಸಹ್ಯ.

ಜೂನ್ 14, ಶುಕ್ರವಾರ. ಸಂಜೆ

ಫೋನ್ ಎತ್ತುವ ಹುಡುಗಿ ಇವತ್ತು ಅತ್ತಳು. ಗಂಡ ಬಿಟ್ಟುಹೋಗಿ ಆರು ತಿಂಗಳಾಯಿತಂತೆ. ದಿನಾ ಬೆಳಿಗ್ಗೆ ಹೂವಿನ ಹಾಗೆ ಬಂದು ನಮಸ್ಕಾರ ಹೇಳುತ್ತಿದ್ದ ಮಗು. ಹೇಳುತ್ತ ಹೇಳುತ್ತ ಮೂಗು ಸೋರಿತು. ಜೇನುತುಪ್ಪ ಕಣ್ಣು ಮುಚ್ಚಿ ತಲೆ ಆಡಿಸಿ, ಎಷ್ಟು ಸುಂದರವಾಗಿ ಹಂಚಿಕೊಂಡಿರಿ ಎಂದಳು. ಎಲ್ಲರೂ ಚಪ್ಪಾಳೆ. ಒಬ್ಬಳ ಸಂಸಾರ ಮುರಿದಿದ್ದಕ್ಕೆ ಚಪ್ಪಾಳೆ ತಟ್ಟಿದ್ದೇನೆ, ಈ ಕೈಯಿಂದ.

ಮೂಲೆಯಲ್ಲಿ ಮ್ಯಾನೇಜರ್ ಏನನ್ನೋ ಬರೆದುಕೊಳ್ಳುತ್ತಿದ್ದರು. ದೊಡ್ಡಣ್ಣನೂ ನೋಡಿದರು. ಕೈಗಳನ್ನು ತೊಡೆ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು, ಇಡೀ ಒಂದೂವರೆ ಗಂಟೆ.

ಜೂನ್ 17, ಸೋಮವಾರ

ಮೆಟ್ಟಿಲ ಬಳಿ ಟೀ ಕಪ್ಪು ಹಿಡಿದು ನಿಂತವರೆಲ್ಲರ ಮಾತು ಫೋನಿನ ಹುಡುಗಿಯ ಗಂಡನ ಮೇಲೆಯೇ. ಯಾರ ಜೊತೆ ಹೋದ, ಇವಳದೇನು ತಪ್ಪಿತ್ತು. ಅವಳು ಕೆಳಗೆ ಬಂದಾಗ ಎಲ್ಲರಿಗೂ ಒಟ್ಟಿಗೆ ಕೆಮ್ಮು, ನಮ್ಮ ಕಿಟಕಿಯವರೆಗೂ ಕೇಳಿಸಿತು.

ಸದ್ಯ, ನಮ್ಮಿಬ್ಬರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇದೆ. ದೊಡ್ಡಣ್ಣನಿಗೆ ಹೇಳಿದೆ, ನಮ್ಮ ಸರದಿ ಬಂದರೆ ಏನಾದರೂ ಪೊಳ್ಳು ಹೇಳಿ ಎದ್ದುಬಿಡೋಣ ಎಂದು. ಹೂಂ ಎಂದರು.

ಜೂನ್ 22, ಶನಿವಾರ. ಬೆಳಿಗ್ಗೆ 6

ನಿನ್ನೆ ಬರೆಯಲು ಆಗಲಿಲ್ಲ. ಈಗಲೂ ಪೆನ್ನು ಓಡುತ್ತಿಲ್ಲ. ಬರೆಯಲೇಬೇಕು.

ನಿನ್ನೆಯ ಆಟ ಬೇರೆ. ನಿಮ್ಮ ಬಗ್ಗೆ ಬೇಡ, ಸಹೋದ್ಯೋಗಿಯೊಬ್ಬರ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಒಳ್ಳೆಯ ವಿಷಯ ಹೇಳಿ ಎಂದಳು ಜೇನುತುಪ್ಪ. ಹಗುರ ಎನಿಸಿತು. ನನ್ನ ಎದುರಿಗೇ ಬಂದು ಕೂತಳು, ಮಂಡಿಗೆ ಮಂಡಿ ತಾಗುವಂತೆ. ಮೊದಲು ಮಾತಿಲ್ಲದೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನಾಲ್ಕು ನಿಮಿಷ. ಪ್ಲಾಸ್ಟರ್ ರೂಮಿನಲ್ಲಿ ಗಡಿಯಾರದ ಸದ್ದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಇವಳಿಗೆ ನನ್ನ ಕಣ್ಣಿನ ದೋಷ ಕಾಣುತ್ತಿದೆಯೋ ಏನೋ ಎಂದು ಒಳಗೊಳಗೇ ಹೆದರಿಕೆ ಶುರುವಾಯಿತು. ಕಾಣುವುದು ಹೇಗೆ ಸಾಧ್ಯ... ಆದರೂ.

“ನಿಮ್ಮೊಳಗೆ ಏನೋ ಸಿಕ್ಕಾಕ್ಕೊಂಡಿದೆ. ತಡೀಬೇಡಿ, ಬರಲಿ,” ಎಂದಳು. ವಾಂತಿ ಮಾಡಿಸುವವರು ಹೇಳುವ ಹಾಗೆ.

ಬಂತು. ದೊಡ್ಡಣ್ಣನ ಧೈರ್ಯದ ಬಗ್ಗೆ ಹೇಳುತ್ತೇನೆ ಎಂದು ಶುರು ಮಾಡಿದೆ. ಒಂದು ದಿನ ರಜೆ ಹಾಕಿದವರಲ್ಲ, ಒಂದು ಮಾತು ಗೊಣಗಿದವರಲ್ಲ... ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಕೈ ನಡುಗಿದ್ರೂ ದಿನಾ ಬಂದು ಕೂರ್ತಾರೆ,” ಎಂದೆ. ಅಂಚು ಮಾತ್ರ ನಾನು ಮಾಡಿಕೊಡುತ್ತೇನೆ ಎಂದೆ. ಎಂಟು ತಿಂಗಳಿಂದ ಎಂದೆ. ಲೆಕ್ಕ ಕೂಡ ತಪ್ಪದೆ ಹೇಳಿದೆ. ಕಣ್ಣಲ್ಲಿ ನೀರು ಬಂತು, ಟಿಶ್ಯೂ ತೆಗೆದುಕೊಂಡೆ. ನನ್ನ ಟ್ರೇ ಹಿಡಿದು ಕಿಟಕಿ ಬಳಿ ಯಾರು ನಿಲ್ಲುತ್ತಾರೆ ಎಂಬ ಮಾತು ಮಾತ್ರ ಗಂಟಲಿನಿಂದ ಮೇಲೆ ಬರಲೇ ಇಲ್ಲ. ಅದು ಅಲ್ಲೇ ಭದ್ರವಾಗಿ ಕೂತಿತು.

ಇದೇ ನಿಜವಾದ ಟೀಮ್ ವರ್ಕ್ ಎಂದು ಜೇನುತುಪ್ಪ ನನ್ನ ಕೈ ಹಿಡಿದಳು. ಎಲ್ಲಕ್ಕಿಂತ ಜೋರು ಚಪ್ಪಾಳೆ ನನಗೇ.

ಹಿತವಾಯಿತು. ಅದನ್ನೂ ಬರೆಯಬೇಕು. ಆ ಹೊತ್ತಿಗೆ ಚಪ್ಪಾಳೆ ಹಿತವಾಯಿತು. ಥೂ.

ದೊಡ್ಡಣ್ಣ ನೆಲ ನೋಡುತ್ತಿದ್ದರು. ಬಾಯಿ ತೆರೆದಿದ್ದರೆ ನನ್ನ ಬಂಡವಾಳವೂ ಅಲ್ಲೇ ಬಯಲಾಗುತ್ತಿತ್ತು. ತೆರೆಯಲಿಲ್ಲ. ಮ್ಯಾನೇಜರ್ ಬರೆದುಕೊಂಡರು.

ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದೆ. “ನಿಂದು ಹೇಳ್ದೆಯಾ?” ಎಂದರು. ಇಲ್ಲ ಎಂದೆ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಜೂನ್ 24, ಸೋಮವಾರ. ಸಂಜೆ

ದೊಡ್ಡಣ್ಣನನ್ನು ಪ್ಯಾಕಿಂಗಿಗೆ ಹಾಕಿದರು. ಆರೋಗ್ಯದ ಹಿತದೃಷ್ಟಿಯಿಂದ. ಮ್ಯಾನೇಜರ್ ಎಲ್ಲರ ಮುಂದೆ ಹೆಗಲ ಮೇಲೆ ಕೈ ಹಾಕಿ, ನೀವು ಮನಸ್ಸು ಬಿಚ್ಚಿದ್ದರಿಂದಲೇ ನಾವು ಸಹಾಯ ಮಾಡಲು ಸಾಧ್ಯವಾಯಿತು ಎಂದರು. ಬಿಚ್ಚಿದ್ದು ಯಾರು?

ಮೇಣದ ಬಟ್ಟಲು, ಸಣ್ಣ ದೀಪ, ಐದು ಚಾಕು, ಎಲ್ಲ ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋದರು. ಮೂವತ್ತೊಂದು ವರ್ಷ ಕೂತ ಜಾಗ. ಆಗ ನಾನು ಕುಲುಮೆಯ ಬಾಗಿಲು ತೆರೆದು ಸುಮ್ಮನೆ ಒಳಗೆ ನೋಡುತ್ತ ನಿಂತಿದ್ದೆ, ಮುಖ ಎತ್ತಬಾರದೆಂದು. ಒಳಗೆ ಏನೂ ಇರಲಿಲ್ಲ.

ಟೀ ಹೊತ್ತಿಗೆ ನನ್ನ ಟ್ರೇ ಹಿಡಿದು ನಾನೇ ಕಿಟಕಿ ಬಳಿ ನಿಂತೆ. ಎಲ್ಲ ಹಲ್ಲೂ ಒಂದೇ ಬಣ್ಣ.

ಜುಲೈ 9, ಮಂಗಳವಾರ. ಮಧ್ಯಾಹ್ನ

ಹದಿನೈದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಿಲ್ಲ. ಊಹೆಯ ಮೇಲೆ ಬಣ್ಣ ಹಚ್ಚುತ್ತಿದ್ದೇನೆ. ಪುಡಿ ಡಬ್ಬದ ಮೇಲಿನ ಹೆಸರು ಓದಿ ಹಾಕುವುದೇನೋ ಸರಿ. ಸುಟ್ಟ ಮೇಲೆ ಎಷ್ಟು ತಿರುಗಿದೆ ಎಂದು ಹೇಳುವವರಿಲ್ಲ.

ಇವತ್ತು ದೊಡ್ಡಣ್ಣ ನನ್ನ ಮೇಜಿಗೆ ಬಂದರು. ಅಂದಿನಿಂದ ಇದೇ ಮೊದಲು. ಡಾಕ್ಟರುಗಳು ವಾಪಸ್ ಕಳಿಸಿದ ಡಬ್ಬಗಳನ್ನು ತೆರೆದು, ತಪ್ಪು ಯಾರದು ಎಂದು ಪುಸ್ತಕದಲ್ಲಿ ಹೆಸರು ಬರೆಯುವುದು ಪ್ಯಾಕಿಂಗಿನವರ ಕೆಲಸ. ಜೇಬಿನಿಂದ ಪುಟ್ಟ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಡಬ್ಬದ ಮುಚ್ಚಳ ಅವರ ಬೆರಳಲ್ಲಿ ಟಕಟಕ ಎನ್ನುತ್ತಿತ್ತು. ಮುಂದಿನ ಹಲ್ಲು. ಶಾಲೆಯ ಮೇಷ್ಟ್ರೊಬ್ಬರದಂತೆ, ಹಾಕಿಸಿಕೊಂಡು ಕ್ಲಾಸಿಗೆ ಹೋದರೆ ಹುಡುಗರು ಮುಸಿಮುಸಿ ನಕ್ಕರಂತೆ.

“ಒಂದು ಅಂಶ ಹಳದಿ ಜಾಸ್ತಿ. ಇನ್ನೂ ಬರ್ದಿಲ್ಲ ನಾನು. ತಿರುಗಿ ಮಾಡ್ಕೊಡು,” ಎಂದರು.

ಮಾಡಿಕೊಟ್ಟೆ. ಪಕ್ಕದಲ್ಲಿ ನಿಂತು ಹೇಳಿದರು, ಇನ್ನೊಂದು ಚೂರು, ಸಾಕು, ಈಗ ಸುಡು. ಹಳೆಯ ದನಿಯೇ. ಕೋಪವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಲ್ಲ. ಅದನ್ನು ನುಂಗಲು ಆಗುತ್ತಿಲ್ಲ.

ಜುಲೈ 12, ಶುಕ್ರವಾರ. ಸಂಜೆ

ನನಗೆ ಬ್ಯಾಡ್ಜ್ ಕೊಟ್ಟರು. ಕೆಂಪು ಹೃದಯದ ಚಿತ್ರ, ಕೆಳಗೆ ‘ತಿಂಗಳ ತೆರೆದ ಮನಸ್ಸು’. ಫೋಟೋ ತೆಗೆದು ಮೆಟ್ಟಿಲ ಬಳಿ ಅಂಟಿಸಿದ್ದಾರೆ. ಪ್ಲಾಸ್ಟರಿನವನು ನನ್ನ ಕಡೆ ನೋಡಿ ನಮಸ್ಕಾರ ಮಾಡಿದ, ತಲೆ ಬಾಗಿಸಿ, ನಗದೆ. ಆಮೇಲೆ ಮಾತಾಡಿಸಲಿಲ್ಲ. ಮುಂದಿನ ಶುಕ್ರವಾರ ನಾನೇ ಮೊದಲು ಮಾತಾಡಬೇಕಂತೆ, ಉಳಿದವರಿಗೆ ಸ್ಫೂರ್ತಿ ಬರಲಿ ಎಂದು.

ಬ್ಯಾಡ್ಜ್ ಕಿತ್ತು ಚೀಲಕ್ಕೆ ಹಾಕಿದೆ. ಪಿನ್ನು ಬೆರಳಿಗೆ ಚುಚ್ಚಿತು. ಆಗಲಿ.

ತೀರ್ಮಾನ ಮಾಡಿದ್ದೇನೆ. ಮಾತಾಡುತ್ತೇನೆ. ನನ್ನ ಕಣ್ಣಿನ ವಿಷಯ, ಕಿಟಕಿಯ ವಿಷಯ, ಎಲ್ಲ. ಕುರ್ಚಿ ಹೋದರೆ ಹೋಗಲಿ. ಪ್ಲಾಸ್ಟರ್ ಕಲಸುವುದು ಇನ್ನೂ ಮರೆತಿಲ್ಲ.

ಜುಲೈ 18, ಗುರುವಾರ. ಮಧ್ಯಾಹ್ನ 1.30

ಮೊದಲು ಅವರಿಗೆ ಹೇಳಿಯೇ ಮಾಡೋಣ ಎಂದು ಪ್ಯಾಕಿಂಗ್ ಮೇಜಿಗೆ ಹೋದೆ. ದೊಡ್ಡಣ್ಣ ಡಬ್ಬಗಳಿಗೆ ಹತ್ತಿ ತುಂಬುತ್ತಿದ್ದರು. ನಾಳೆ ಎಲ್ಲ ಹೇಳಿಬಿಡುತ್ತೇನೆ, ನನಗೆ ನನ್ನ ಮುಖ ನೋಡಿಕೊಂಡರೆ ಹೇಸಿಗೆ ಬರುತ್ತದೆ ಎಂದೆ. ಕ್ಷಮಿಸಿ ಎಂದೂ ಹೇಳಿದೆ. ಅಷ್ಟು ದಿನ ಆ ಒಂದು ಮಾತು ಹೇಳಿರಲಿಲ್ಲ.

ಹತ್ತಿ ತುಂಬುವುದು ನಿಲ್ಲಿಸಲಿಲ್ಲ ಅವರು.

“ಹೇಳಿದ್ರೆ ನಿಂಗೆ ಹಗುರ ಆಗುತ್ತೆ, ಗೊತ್ತು. ನಂಗೇನಾಗುತ್ತೆ ಯೋಚ್ನೆ ಮಾಡಿದ್ಯಾ? ಕೈಗೆ ಕೆಲ್ಸ ಹೋಯ್ತು. ಕಣ್ಣಿಗೆ ನಿನ್ನ ಟ್ರೇ ಒಂದಿದೆ. ನಿನ್ನನ್ನೂ ಅಲ್ಲಿಂದ ಎಬ್ಬಿಸಿದ್ರೆ, ತಂಗೀ, ನಾನು ಬರೀ ಡಬ್ಬ ಕಟ್ಟೋನು ಆಗ್ತೀನಿ.”

ಡಬ್ಬಕ್ಕೆ ಮುಚ್ಚಳ ಹಾಕಿಕೊಟ್ಟೆ, ಎರಡೋ ಮೂರೋ. ನಾಳೆಯಿಂದ ಟೀ ಹೊತ್ತಿಗೆ ಬರ್ತೀನಿ, ಟ್ರೇ ಕಿಟಕಿ ಹತ್ರ ಇಟ್ಟಿರು ಎಂದರು.

ಜುಲೈ 19, ಶುಕ್ರವಾರ. ಮಧ್ಯಾಹ್ನ 3.50

ಮುಗಿಯಿತು. ಬೆಳಿಗ್ಗೆ ಟೀ ಹೊತ್ತಿಗೆ ದೊಡ್ಡಣ್ಣನಿಗೆ ಬರಲಾಗಲಿಲ್ಲ, ಪ್ಯಾಕಿಂಗಿನಲ್ಲಿ ಲೋಡ್ ಇತ್ತು. ಎರಡು ಗಂಟೆಗೆ ನಾನು ವೃತ್ತದ ಮಧ್ಯೆ. ಬ್ಯಾಡ್ಜ್ ಹಾಕಿಕೊಂಡಿದ್ದೆ, ಹಾಕಲೇಬೇಕೆಂದರು. ಜೇನುತುಪ್ಪ ಎಂದಿನಂತೆ ತಲೆ ಓರೆ ಮಾಡಿ ಕಾದಳು. ಎಲ್ಲರೂ ಕಾದರು. ದೊಡ್ಡಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಈಗ ಕೈ ಬಚ್ಚಿಡುವುದಿಲ್ಲ. ತೊಡೆಯ ಮೇಲೆ ನಡುಗುತ್ತ ಬಿದ್ದಿತ್ತು.

ನನಗೆ ಲಿಫ್ಟ್ ಎಂದರೆ ಭಯ ಎಂದೆ. ಚಿಕ್ಕಂದಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎಂದೆ. ಶುದ್ಧ ಸುಳ್ಳು. ಇನ್ನೂ ನಾಲ್ಕು ವಾಕ್ಯ ಸೇರಿಸಿದೆ, ಕತ್ತಲು, ಅಮ್ಮನ ಕೂಗು ಅದು ಇದು. ಎಷ್ಟು ಸಲೀಸಾಗಿ ಬಂತು. ಹೋದ ತಿಂಗಳು ಈ ಸುಳ್ಳು ಎಲ್ಲಿ ಸತ್ತಿತ್ತು? ಟಿಶ್ಯೂ ಕೈಗೆ ಕೊಟ್ಟಳು. ಚಪ್ಪಾಳೆ. ಬಾಗಿಲ ಬಳಿಯಿಂದಲೂ ಕೇಳಿತು, ತಾಳ ತಪ್ಪಿದ ಒಂದು ಚಪ್ಪಾಳೆ. ಹೇಸಿಗೆ ಬಂತು. ನನ್ನ ಮೇಲೆಯೇ. ಇದು ಇನ್ನು ಹೋಗುವುದಲ್ಲ, ಇಟ್ಟುಕೊಂಡೇ ಕೆಲಸ ಮಾಡಬೇಕು.

ಟ್ರೇ ಕಿಟಕಿ ಹತ್ತಿರ ಇಟ್ಟಿದ್ದೇನೆ. ಏಳು ಹಲ್ಲು, ಐದು ಮುಂದಿನವು. ಬಿಸಿಲು ಇಳಿಯುವ ಮೊದಲು ನೋಡಿ ಆಗಬೇಕು. ಬಂದರು. ಕೈ ಒರೆಸಿಕೊಂಡು, ದೊಡ್ಡಣ್ಣ ಮೊದಲನೆಯದನ್ನು ಎತ್ತಿ ಬೆಳಕಿಗೆ ಹಿಡಿದು, ಇದಕ್ಕೆ ಇನ್ನೊಂದು ಚೂರು ಹಳದಿ ಬೇಕು ಎನ್ನುತ್ತಿದ್ದಾರೆ. ಪೆನ್ನು ಇಡುತ್ತೇನೆ.