ಶ್ರುತಿ ತಪ್ಪಿದ್ದೋ, ತಪ್ಪಿಸಿದ್ದೋ

ಬನಶಂಕರಿ ಎರಡನೇ ಹಂತ
ಭಾನುವಾರ

ಚಿತ್ರದ ಧ್ವನಿಗ್ರಹಣ ಮಾಡಿದ ತಿರುಮಲೇಶ ಅವರಿಗೆ ನಮಸ್ಕಾರ.

ನಾಯಕಿ ಬೆಟ್ಟ ಹತ್ತುತ್ತ ಹಾಡಿದರೂ ಏದುಸಿರು ಕೇಳಿಸದ ಕಾಲದಿಂದ ನಾನು ಸಿನಿಮಾ ನೋಡುತ್ತಿದ್ದೇನೆ. ನಿಮ್ಮ ಚಿತ್ರದ ಮೊದಲ ಭಾಗದಲ್ಲಿ ಹಾಡೇ ಇರಲಿಲ್ಲ. ಈಗ ಬಂದಿರುವ ಎರಡನೇ ಭಾಗದಲ್ಲಿ ಮನಸ್ಸು ಕದಡಿದ ನಾಯಕಿ ಮಾತಿನ ಬದಲು ಹಾಡುತ್ತಾಳೆ. ಅದನ್ನು ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡಿದಿರಂತೆ. ನಮ್ಮ ಬೀದಿಯಲ್ಲಿ ಅರ್ಧ ಜನ ಹೊಗಳುತ್ತಾರೆ, ಅರ್ಧ ಜನ ಬೈಯುತ್ತಾರೆ. ನಾನು ಬೈದವಳು. ಆ ನಾಯಕಿಯ ಪಾತ್ರ ಮಾಡಿದ ಇಂಚರ ಹನ್ನೊಂದು ವರ್ಷ ನನ್ನಲ್ಲಿ ಸಂಗೀತ ಕಲಿತವಳು.

"ಏನ್ ಮೇಡಂ, ನಿಮ್ ಶಿಷ್ಯೆ ಹಿಂಗೆ ಶ್ರುತಿ ಬಿಟ್ಬಿಟ್ಲಲ್ಲಾ!" ಎಂದು ಪಾಠದ ಮಧ್ಯೆ ಒಬ್ಬ ಹುಡುಗಿಯ ತಾಯಿ ನಕ್ಕರು. "ಅವಳು ನನ್ ಶಿಷ್ಯೆ ಅಲ್ಲ ಕಣ್ರೀ" ಎಂದುಬಿಟ್ಟೆ. ಆ ಮಾತು ಇಂಚರಳ ಕಿವಿಗೆ ಬಿದ್ದಿದೆ. ಈಗ ನನ್ನ ಫೋನ್ ಎತ್ತುತ್ತಿಲ್ಲ.

ನಿನ್ನೆ ಮನೆಯಲ್ಲಿ ಶ್ರುತಿಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಚಿತ್ರದಲ್ಲಿ ಅವಳು ಆಸ್ಪತ್ರೆಯಲ್ಲಿ ಹಾಡುವ ಹಾಡನ್ನು ಮತ್ತೆ ಕೇಳಿದೆ. ಪ್ರತಿ ಸಾಲಿಗೂ ಅವಳು ಶ್ರುತಿಯಿಂದ ಒಂದೇ ಅಳತೆಯಲ್ಲಿ ಕೆಳಗಿಳಿಯುತ್ತಾಳೆ. ಶ್ರುತಿ ಗೊತ್ತಿಲ್ಲದವರು ಇಷ್ಟು ಕರಾರುವಾಕ್ಕಾಗಿ ತಪ್ಪುವುದಿಲ್ಲ. ಬೇಕೆಂದೇ ಹಾಗೆ ಹಾಡಿದಳೆ? ಎಷ್ಟು ದಿನ ಅಭ್ಯಾಸ ಮಾಡಿದಳು? ಅಥವಾ ಶ್ರುತಿಗೆಂದು ಅವಳ ಇಯರ್‌ಫೋನಿನಲ್ಲಿ ನುಡಿಯುತ್ತಿದ್ದ ಕೀಬೋರ್ಡನ್ನು ನೀವು ನಡುವೆ ನಿಲ್ಲಿಸಿ, ಅವಳನ್ನು ಒಂಟಿಯಾಗಿ ಬಿಟ್ಟಿರೆ?

ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅವಳ ಮನೆಗಂತೂ ಹೋಗುತ್ತೇನೆ. ಕ್ಷಮೆ ಕೇಳಬೇಕೋ, ಮತ್ತೆ ಪಾಠ ಶುರು ಮಾಡಬೇಕೋ, ಅಷ್ಟು ಗೊತ್ತಾದರೆ ಸಾಕು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಸತ್ಯಭಾಮಾ