ನಗೆ ಕ್ಲಬ್ಬಿನವರು ಎಂಟಕ್ಕೆ ಬರುತ್ತಾರೆ

ಮಾಧುರಿ,

ನಾನು ಹೂ ತರಲು ಮಾರ್ಕೆಟ್ ಯಾರ್ಡಿಗೆ ಹೋಗುತ್ತಿದ್ದೇನೆ. ನಿನ್ನನ್ನು ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ನಿನ್ನೆಯ ಜಗಳ ಮತ್ತೆ ಶುರುವಾಗುತ್ತಿತ್ತು.

ನಿಮ್ಮಪ್ಪನ ನಗೆ ಕ್ಲಬ್ಬಿನ ಹದಿನೆಂಟು ಜನ ಎಂಟಕ್ಕೆ ಬರುತ್ತಾರೆ. ಅವರ ಫೋಟೋ ಮುಂದೆ ಸಾಲಾಗಿ ನಿಂತು ಎರಡು ನಿಮಿಷ ಜೋರಾಗಿ ನಗುತ್ತಾರೆ. ತಿಂಗಳ ಪೂಜೆಗೂ ವರ್ಷದ ಪೂಜೆಗೂ ಇದೇ ಆಗಬೇಕೆಂದು ಆಸ್ಪತ್ರೆಯಲ್ಲಿ ನನ್ನಿಂದ ಮಾತು ತೆಗೆದುಕೊಂಡವರು ನಿಮ್ಮಪ್ಪನೇ. "ಅಳಾಕ ನಮ್ಮಣ್ಣ ಒಬ್ಬನ ಸಾಕು" ಅಂದಿದ್ದರು.

ಒಗ್ಗರಣೆ ಅವಲಕ್ಕಿ ಮಾಡು. ಶೇಂಗಾ ಹಾಕಬೇಡ, ನಗುವಾಗ ಯಾರದಾದರೂ ಗಂಟಲಿಗೆ ಸಿಕ್ಕೀತು. ಹಲ್ಲಿನ ಸೆಟ್ಟು ತೆಗೆದಿಟ್ಟು ನಗುವವರು ಮೂವರಿದ್ದಾರೆ. ಮೂರು ಬಟ್ಟಲು ಬೇರೆ ಬೇರೆ ಇಡು. ತಿಂಗಳ ಪೂಜೆಯಲ್ಲಿ ಅದಲುಬದಲಾಗಿ ಸಂಜೆಯವರೆಗೂ ಫೋನು ಬರುತ್ತಲೇ ಇತ್ತು.

ಕೆಳಗಿನ ಮನೆಯವರಿಗೆ ಮೊದಲೇ ಹೇಳಿ ಬಾ. ಆವತ್ತು ಹೊಡೆದಾಟ ನಡೆದಿದೆಯೆಂದು ವಾಚ್‌ಮನ್‌ನನ್ನು ಕರೆದುಕೊಂಡು ಬಂದಿದ್ದರು.

ಧಾರವಾಡದ ದೊಡ್ಡಪ್ಪ "ಇದೇನ್ ಪೂಜಿನೋ ತಮಾಷಾನೋ?" ಅಂದರೆ ಚಹಾ ಕೊಡು, ಉತ್ತರ ಕೊಡಬೇಡ. ಗಣಪತಿ ಹಬ್ಬದಲ್ಲಿ ನಿಮ್ಮಪ್ಪ ನನ್ನ ನತ್ತು ಹಾಕಿಕೊಂಡು ನಿಂತ ಫೋಟೋವನ್ನೇ ಇಡು. ಅವರ ಮುಖ ನೆಟ್ಟಗಿರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ, ಅದರಲ್ಲಿ ಯಾರೋ ಬೇರೆಯವರಂತೆ ಕಾಣುತ್ತಾರೆ.

"ಅಪ್ಪ ಇಲ್ಲದ ಮನ್ಯಾಗ ಹೆಂಗ ನಗಲಿ ಅವ್ವಾ?" ಅಂದೆಯಲ್ಲ, ಆಗದಿದ್ದರೆ ನಗಬೇಡ. ಒಳಕೋಣೆಗೆ ಹೋಗಿ ಬಾಯಿಬಿಟ್ಟು ಅಳು. ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ತಿಂಗಳ ಪೂಜೆಯ ದಿನ ನಾನು ಮಾಡಿದ್ದೂ ಅದೇ.

ಅವ್ವ